ಸರದಿ ತಪ್ಪಿದ ನ್ಯಾಯಮೂರ್ತಿ ಸಭಾಧ್ಯಕ್ಷರಾದಾಗ: ಕೆ.ಎಸ್. ಹೆಗ್ಡೆ ಪ್ರಕರಣ

1973ರ ಏಪ್ರಿಲ್ 25ರ ಸಂಜೆ ಆಕಾಶವಾಣಿ ಒಂದು ಸುದ್ದಿ ಬಿತ್ತರಿಸಿತು: ಸುಪ್ರೀಂ ಕೋರ್ಟಿನ ಮುಂದಿನ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ. ಅಂದು ನಿವೃತ್ತರಾಗುತ್ತಿದ್ದವರು ಎಸ್.ಎಂ. ಸಿಕ್ರಿ. ಸೇವಾ ಹಿರಿತನದ ಪ್ರಕಾರ ಅವರ ನಂತರ ಜೆ.ಎಂ. ಶೇಲತ್, ಶೇಲತ್ ಹಿಂದೆ ಕೆ.ಎಸ್. ಹೆಗ್ಡೆ, ಹೆಗ್ಡೆ ಹಿಂದೆ ಎ.ಎನ್. ಗ್ರೋವರ್. ರೇ ಅವರದು ನಾಲ್ಕನೆಯ ಸ್ಥಾನ. ಹಿಂದಿನ ದಿನವಷ್ಟೇ, ಅಂದರೆ 24ರಂದು, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಕೇಶವಾನಂದ ಭಾರತೀ ಪ್ರಕರಣದ ತೀರ್ಪು ಹೊರಬಿದ್ದಿತ್ತು. ಸರದಿ ತಪ್ಪಿಸಿಕೊಂಡ ಮೂವರೂ ಅದರಲ್ಲಿ ಸರ್ಕಾರಕ್ಕೆ ಹಿಡಿಸದ ಮಾತು ಬರೆದವರು. ರೇ ಸರ್ಕಾರದ ಪರವಾಗಿ ಭಿನ್ನಮತ ಬರೆದವರು. ಕಾಕತಾಳೀಯ ಎಂದು ಅಂದೂ ಯಾರೂ ನಂಬಲಿಲ್ಲ, ಇಂದೂ ನಂಬುವವರಿಲ್ಲ.

ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಚುನಾವಣೆಗೆ ನಿಂತು, ಗೆದ್ದು, ಸಂಸತ್ತಿಗೆ ಹೋದವರು ಹೆಗ್ಡೆ ಒಬ್ಬರೇ. ನಾಲ್ಕು ವರ್ಷದ ಬಳಿಕ ಅವರು ಲೋಕಸಭೆಯ ಸಭಾಧ್ಯಕ್ಷ ಪೀಠದಲ್ಲಿದ್ದರು. ಇನ್ನೂ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, ತಮ್ಮ ಸರದಿ ತಪ್ಪಿಸಿದಾಗ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯನ್ನು ಸದನ ಶಿಕ್ಷಿಸುವ ಹೊತ್ತಿಗೆ ಆ ಪೀಠದ ಹೊಣೆ ಅವರದೇ ಆಗಿತ್ತು. ಈ ಬರಹಕ್ಕೆ ವಸ್ತು ಆ ಎರಡು ಘಟನೆಗಳ ನಡುವಿನ ಹಾದಿ. ಅದನ್ನು ಅಳೆಯುವ ಕೋಲನ್ನು ಹೊರಗಿನಿಂದ ತರಬೇಕಾಗಿಲ್ಲ, ಹೆಗ್ಡೆಯವರೇ 1969ರಲ್ಲಿ ಬರೆದ ಒಂದು ತೀರ್ಪಿನಲ್ಲಿ ಅದು ಸಿಗುತ್ತದೆ.

ಕೌಡೂರಿನಿಂದ ಪೀಠದವರೆಗೆ

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಹೀಗಾಗಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ನಂತರ ಓದು ಮುಂದುವರಿದದ್ದು ಮದ್ರಾಸಿನಲ್ಲಿ: ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಲಾ ಕಾಲೇಜು. ಊರಿನ ಕಡೆ ವಕೀಲಿಕೆ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸರ್ಕಾರಿ ವಕೀಲರ ಹುದ್ದೆ, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ. 1954ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು. 1957ರಲ್ಲಿ ರಾಜ್ಯಸಭೆ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಳುವ ಪಕ್ಷದ ಸಂಸದರೊಬ್ಬರು ಸದನದಿಂದ ನೇರವಾಗಿ ನ್ಯಾಯಪೀಠಕ್ಕೆ ನಡೆದು ಬಂದರು. ಅವರ ರಾಜಕೀಯ ಅಂದು ಯಾರಿಗೂ ತೊಡಕಾಗಿ ಕಾಣಲಿಲ್ಲ. 1966ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಹೆಗ್ಡೆ. 1967ರ ಮೇ 1ರಿಂದ ಹಿಮಾಚಲ ಪ್ರದೇಶವೂ ಅದರ ವ್ಯಾಪ್ತಿಗೆ ಬಂತು. 1967ರ ಜುಲೈ 17ರಂದು ಸುಪ್ರೀಂ ಕೋರ್ಟ್. ಮೂರೂ ನೇಮಕ ನಡೆದದ್ದು ಕೇಂದ್ರದಲ್ಲಿ ಕಾಂಗ್ರೆಸ್ ಸರ್ಕಾರವಿದ್ದಾಗಲೇ. ಹೆಗ್ಡೆ ರಾಜಕಾರಣಿಯಾಗಿದ್ದವರು ಎಂಬುದು ದೋಷವಾಗಿ ಕಾಣತೊಡಗಿದ್ದು ಅವರು ಸರ್ಕಾರದ ವಿರುದ್ಧ ತೀರ್ಪು ಬರೆಯತೊಡಗಿದ ಮೇಲೆ.

ಅರಣ್ಯಾಧಿಕಾರಿಗಳ ತಕರಾರು

ಹೆಗ್ಡೆಯವರ ಹೆಸರು ಎತ್ತಿದರೆ ಎಲ್ಲರೂ ಕೇಶವಾನಂದಕ್ಕೆ ಓಡುತ್ತಾರೆ. ಕಾನೂನು ವಿದ್ಯಾರ್ಥಿಗಳು ಮಾತ್ರ ಮೊದಲು ನೆನೆಯುವುದು ಕ್ರೈಪಾಕ್ ಪ್ರಕರಣವನ್ನು. ನನ್ನ ಮಟ್ಟಿಗೂ ಅವರ ಗಟ್ಟಿ ಕೆಲಸ ಅದೇ.

1966ರಲ್ಲಿ ಭಾರತೀಯ ಅರಣ್ಯ ಸೇವೆ ಶುರುವಾದಾಗ ಆಯಾ ರಾಜ್ಯಗಳ ಅರಣ್ಯಾಧಿಕಾರಿಗಳಲ್ಲಿ ಅರ್ಹರನ್ನು ಆರಿಸಿ ಅದಕ್ಕೆ ತೆಗೆದುಕೊಳ್ಳಬೇಕಿತ್ತು. ಜಮ್ಮು ಮತ್ತು ಕಾಶ್ಮೀರದ ಆಯ್ಕೆ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಸದಸ್ಯರು. ಅವರೇ ಹುದ್ದೆಯ ಆಕಾಂಕ್ಷಿಯೂ ಹೌದು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗಿದ್ದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗಿದ್ದರು. ಯಾರು ಮೊದಲು, ಯಾರು ನಂತರ ಎಂಬ ಪಟ್ಟಿ ಸಿದ್ಧವಾಗುವಾಗಲೂ ಇದ್ದರು. ಪಟ್ಟಿ ಹೊರಬಿದ್ದಾಗ ಅವರ ಹೆಸರು ಎಲ್ಲರಿಗಿಂತ ಮೇಲೆ. ಅವರಿಗಿಂತ ಹಿರಿಯರಾಗಿದ್ದು, ಅವರನ್ನು ಪ್ರಭಾರ ಹುದ್ದೆಗೆ ಏರಿಸಿದಾಗ ಹಿಂದೆ ಬಿದ್ದು, ಅದರ ವಿರುದ್ಧ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಿದ್ದ ಅಧಿಕಾರಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಸರ್ಕಾರದ ಸಮರ್ಥನೆಗೆ ಹಲವು ಮುಖ. ಇದು ಆಡಳಿತಾತ್ಮಕ ಕೆಲಸ, ಕೋರ್ಟಿನ ಕಲಾಪವಲ್ಲ, ಆದ್ದರಿಂದ ತನ್ನದೇ ವಿಷಯದಲ್ಲಿ ಯಾರೂ ತೀರ್ಪುಗಾರರಾಗಬಾರದು ಎಂಬ ಸಹಜ ನ್ಯಾಯದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಮಂಡಳಿಯದು ಶಿಫಾರಸು ಮಾತ್ರ. ಉಳಿದ ಸದಸ್ಯರ ಮೇಲೆ ಆ ಅಧಿಕಾರಿ ಪ್ರಭಾವ ಬೀರಿರಲಿಲ್ಲ. 1969ರ ಏಪ್ರಿಲ್ 29ರಂದು ಐವರ ಸಂವಿಧಾನ ಪೀಠದ ಪರವಾಗಿ ಹೆಗ್ಡೆ ಬರೆದ ತೀರ್ಪು ಇವೆಲ್ಲವನ್ನೂ ಬದಿಗೆ ಸರಿಸಿತು. ಆಡಳಿತಾತ್ಮಕ ಅಧಿಕಾರ, ಅರೆನ್ಯಾಯಿಕ ಅಧಿಕಾರ ಎಂಬ ಗೆರೆ ತೆಳುವಾಗಿದೆ, ಅಳಿಸಿಯೂ ಹೋಗುತ್ತಿದೆ ಎಂದರು. ಆ ಅಧಿಕಾರಿಯ ಮನಸ್ಸಿನಲ್ಲಿ ನಿಜವಾಗಿ ಪಕ್ಷಪಾತ ಇತ್ತೇ ಎಂದು ಅಳೆಯಲು ಹೋಗುವುದು ವ್ಯರ್ಥ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುವುದು ಕಷ್ಟ. ಪಕ್ಷಪಾತದ ಸಂಭವವಿತ್ತೆಂದು ನಂಬಲು ಸಕಾರಣವಿದ್ದರೆ ಸಾಕು ಎಂದರು. ಕೋಣೆಯಲ್ಲಿ ಕುಳಿತ ಪ್ರತಿ ಹಂತದಲ್ಲೂ ಆತನ ಹಿತಕ್ಕೂ ಕರ್ತವ್ಯಕ್ಕೂ ತಿಕ್ಕಾಟವಿತ್ತು. ಆಯ್ಕೆ ರದ್ದಾಯಿತು.

ಆ ಪೀಠದ ರಚನೆ ಗಮನಿಸಿ: ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ, ಶೇಲತ್, ಭಾರ್ಗವ, ಹೆಗ್ಡೆ, ಗ್ರೋವರ್. ಹಿರಿಯರನ್ನು ಹಿಂದಿಕ್ಕಿ ಕಿರಿಯರನ್ನು ಏರಿಸಿದ ಗಲಾಟೆಯಲ್ಲಿ ಹುಟ್ಟಿದ ತಕರಾರನ್ನು ಕೇಳಿದ ಐವರಲ್ಲಿ ಮೂವರು ನಾಲ್ಕು ವರ್ಷದ ಬಳಿಕ ಅದೇ ಏಟು ತಿಂದವರು.

ಜಟಾಪಟಿ

1967ರಿಂದ 1973ರವರೆಗೆ ಸರ್ಕಾರಕ್ಕೂ ಸುಪ್ರೀಂ ಕೋರ್ಟಿಗೂ ನಡೆದ ಹಗ್ಗಜಗ್ಗಾಟ ಎಲ್ಲರಿಗೂ ಗೊತ್ತಿರುವ ಕಥೆ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸುವಂತಿಲ್ಲ ಎಂದ ಗೋಲಕನಾಥ್ ತೀರ್ಪು, 1970ರ ಬ್ಯಾಂಕ್ ರಾಷ್ಟ್ರೀಕರಣ ತೀರ್ಪು, ಮಾಜಿ ಅರಸರಿಗೆ ಸಲ್ಲುತ್ತಿದ್ದ ರಾಜಧನದ ರದ್ದತಿ ಕುರಿತ ಅದೇ ವರ್ಷದ ತೀರ್ಪು: ಮೂರರಲ್ಲೂ ಸರ್ಕಾರಕ್ಕೆ ಸೋಲು. ಬ್ಯಾಂಕ್ ಪ್ರಕರಣದಲ್ಲಿ ಸರ್ಕಾರದ ಪರ ನಿಂತ ಏಕೈಕ ನ್ಯಾಯಮೂರ್ತಿ ಎ.ಎನ್. ರೇ. ರಾಜಧನ ಪ್ರಕರಣದ ಭಿನ್ನಮತದ ಇಬ್ಬರಲ್ಲೂ ಅವರೊಬ್ಬರು. ಅದೇ ಪ್ರಕರಣದಲ್ಲಿ ಹೆಗ್ಡೆ ಬಹುಮತದ ಕಡೆ ನಿಂತು ಪ್ರತ್ಯೇಕ ತೀರ್ಪು ಬರೆದರು.

ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ತೀರ್ಪಿದೆ. 1971ರ ಚುನಾವಣೆಯಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಗಾಂಧಿ ಗೆದ್ದದ್ದನ್ನು ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಪ್ರಧಾನಿ ಯಾವ ದಿನದಿಂದ ತಮ್ಮನ್ನು ಅಭ್ಯರ್ಥಿ ಎಂದು ಬಿಂಬಿಸಿಕೊಂಡರು ಎಂಬ ಪ್ರಶ್ನೆಯ ವ್ಯಾಪ್ತಿಯನ್ನು ಹೈಕೋರ್ಟ್ ಕಿರಿದುಗೊಳಿಸಿತ್ತು. 1972ರ ಮಾರ್ಚ್ 15ರಂದು ಹೆಗ್ಡೆ ಅವರ ಪೀಠ ಆ ಪ್ರಶ್ನೆಗೆ ಮತ್ತೆ ಜೀವ ಕೊಟ್ಟಿತು. ನೋಡಲು ಬರೀ ಕಾರ್ಯವಿಧಾನದ ವಿಷಯ. ಆದರೆ 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಆ ಗೆಲುವನ್ನು ಅಸಿಂಧುಗೊಳಿಸಿದಾಗ ಅಭ್ಯರ್ಥಿತನದ ದಿನಾಂಕವೇ ತೀರ್ಪಿನ ಆಧಾರಗಳಲ್ಲಿ ಒಂದಾಗಿತ್ತು. ತುರ್ತುಪರಿಸ್ಥಿತಿಯ ಹಿಂದಿನ ಕಾರಣಗಳ ಸರಪಳಿಯಲ್ಲಿ ಈ ಕೊಂಡಿಗೂ ಜಾಗವಿದೆ.

ಇನ್ನು ಕೇಶವಾನಂದ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಭೂಮಿಗೆ ಕುತ್ತು ಬಂದಿತ್ತು. 1956ರವರೆಗೆ ಕಾಸರಗೋಡೂ ಕಾರ್ಕಳವೂ ಒಂದೇ ಜಿಲ್ಲೆ. ಹದಿಮೂರು ನ್ಯಾಯಮೂರ್ತಿಗಳ ಪೀಠದಲ್ಲಿ ಅರ್ಜಿದಾರರ ಸೀಮೆಯವರು ಹೆಗ್ಡೆ. 68 ದಿನ ವಾದ ನಡೆದು, 7-6ರ ಅಂತರದಲ್ಲಿ ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಮೂಲ ಸಂರಚನೆಯನ್ನು ಕೆಡವುವಂತಿಲ್ಲ ಎಂದಾಯಿತು. ಹೆಗ್ಡೆ ಮತ್ತು ಎ.ಕೆ. ಮುಖರ್ಜಿಯಾ ಸೇರಿ ಬರೆದ ಅಭಿಪ್ರಾಯದಲ್ಲಿ ಒಂದು ಅಂಶವನ್ನು ಎತ್ತಿ ತೋರಿಸಬೇಕು. ಸಾರ್ವಭೌಮತ್ವ, ಪ್ರಜಾಸತ್ತೆ, ದೇಶದ ಏಕತೆ, ವ್ಯಕ್ತಿ ಸ್ವಾತಂತ್ರ್ಯದ ಮುಖ್ಯ ಲಕ್ಷಣಗಳು ಮುಟ್ಟಬಾರದವು ಎಂದವರು ಅಲ್ಲಿಗೇ ನಿಲ್ಲಲಿಲ್ಲ. ಕಲ್ಯಾಣ ರಾಜ್ಯವನ್ನೂ ಸಮಾನತೆಯ ಸಮಾಜವನ್ನೂ ಕಟ್ಟಬೇಕೆಂಬ ಸಂವಿಧಾನದ ಆದೇಶವನ್ನು ಕೂಡ ಸಂಸತ್ತು ಹಿಂಪಡೆಯುವಂತಿಲ್ಲ ಎಂದರು. ಇವರನ್ನು ಆಸ್ತಿವಂತರ ಪಕ್ಷಪಾತಿ ಎಂದು ಜರೆದವರು ಆ ಪುಟದವರೆಗೆ ಓದಿರಲಿಕ್ಕಿಲ್ಲ.

ನೇಮಕದ ಲೆಕ್ಕಾಚಾರ

ನ್ಯಾಯಮೂರ್ತಿಗಳ ಹುಟ್ಟಿದ ದಿನಾಂಕ ಇಟ್ಟುಕೊಂಡು ಕೂಡಿಸಿ ಕಳೆದರೆ ಆ ನೇಮಕದ ಜಾಣತನ ಬಯಲಾಗುತ್ತದೆ. ನಿವೃತ್ತಿ ವಯಸ್ಸು 65. ಶೇಲತ್ ಮುಖ್ಯ ನ್ಯಾಯಮೂರ್ತಿಯಾಗಿದ್ದರೆ 1973ರ ಜುಲೈ ನಡುವಿಗೆ ಮುಗಿಯುತ್ತಿತ್ತು. ಅಲ್ಲಿಂದ 1974ರ ಜೂನ್‌ವರೆಗೆ ಸುಮಾರು ಹನ್ನೊಂದು ತಿಂಗಳು ಹೆಗ್ಡೆ. ಆಮೇಲೆ ಗ್ರೋವರ್, 1977ರ ಫೆಬ್ರುವರಿ ತನಕ. ರೇ ಅವರಿಗೆ 65 ತುಂಬುವುದು 1977ರ ಜನವರಿ ಕೊನೆಗೆ, ಅಂದರೆ ಗ್ರೋವರ್‌ಗಿಂತ ಕೆಲವು ದಿನ ಮೊದಲೇ. ಸರದಿ ಸರಿಯಾಗಿ ನಡೆದಿದ್ದರೆ ರೇ ಮುಖ್ಯ ನ್ಯಾಯಮೂರ್ತಿ ಆಗುವ ಪ್ರಶ್ನೆಯೇ ಇರಲಿಲ್ಲ. ಮೊದಲ ಇಬ್ಬರನ್ನು ಮಾತ್ರ ದಾಟಿಸಿದ್ದರೂ ಆಗುತ್ತಿರಲಿಲ್ಲ. ಮೂವರನ್ನೂ ಒಟ್ಟಿಗೇ ದಾಟಿಸಬೇಕಿತ್ತು, ದಾಟಿಸಿದರು. ಕರ್ನಾಟಕದವರೊಬ್ಬರು ಆ ಕುರ್ಚಿಯಲ್ಲಿ ಕೂರುವುದನ್ನು ನೋಡಲು 1989ರವರೆಗೆ, ಇ.ಎಸ್. ವೆಂಕಟರಾಮಯ್ಯ ಬರುವವರೆಗೆ ಕಾಯಬೇಕಾಯಿತು.

ಲೋಕಸಭೆಯಲ್ಲಿ ಸರ್ಕಾರದ ಪರ ಗಟ್ಟಿಯಾಗಿ ವಾದಿಸಿದವರು ಕಾನೂನು ಸಚಿವರಿಗಿಂತ ಹೆಚ್ಚಾಗಿ ಉಕ್ಕು ಮತ್ತು ಗಣಿ ಸಚಿವ ಮೋಹನ್ ಕುಮಾರಮಂಗಲಂ. ಅವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಹಿರಿತನ ಒಂದೇ ಮಾನದಂಡವಾಗಬಾರದು ಎಂದು ಕಾನೂನು ಆಯೋಗವೇ 1958ರಲ್ಲಿ ಹೇಳಿತ್ತು. ಮುಖ್ಯ ನ್ಯಾಯಮೂರ್ತಿಯನ್ನು ಆರಿಸುವಾಗ ಅವರ ಜೀವನ ದೃಷ್ಟಿಯನ್ನು ಸರ್ಕಾರ ಗಮನಿಸುವುದು ತಪ್ಪಲ್ಲ ಎಂದರು. ತಮಾಷೆಯೆಂದರೆ ಆ ಆಯೋಗದ ಅಧ್ಯಕ್ಷರಾಗಿದ್ದ ಎಂ.ಸಿ. ಸೆಟಲ್ವಾಡ್ ಈ ನೇಮಕವನ್ನು ಖಂಡಿಸಿದವರ ಮುಂಚೂಣಿಯಲ್ಲಿದ್ದರು. ಹಿರಿತನವನ್ನು ಮೀರಿ ಯೋಗ್ಯತೆ ನೋಡಿ ಎಂಬ ಸಲಹೆ ಒಂದು. ಮೊಕದ್ದಮೆ ಸೋತ ಮರುದಿನ ಕಕ್ಷಿದಾರನೇ ಕೋರ್ಟಿನ ಯಜಮಾನನನ್ನು ಆರಿಸುವುದು ಬೇರೊಂದು. ಸುಪ್ರೀಂ ಕೋರ್ಟಿನ ಅತಿ ದೊಡ್ಡ ಕಕ್ಷಿದಾರ ಯಾವತ್ತೂ ಸರ್ಕಾರವೇ. ಅರಣ್ಯಾಧಿಕಾರಿಗೆ ಹಾಕಿದ ಅಳತೆಯನ್ನು ಸರ್ಕಾರಕ್ಕೆ ಹಾಕಿದರೆ ಉತ್ತರ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಚಿವರ ಮನಸ್ಸಿನಲ್ಲಿ ಏನಿತ್ತು ಎಂದು ಕೆದಕುವ ಅಗತ್ಯವೂ ಇಲ್ಲ.

ಮುಂದೇನಾಯಿತು ಎಂಬುದು ವಾದಕ್ಕೆ ಪುರಾವೆ ಕೊಟ್ಟಿತು. 1975ರ ನವೆಂಬರ್ 10ರಂದು ಮುಖ್ಯ ನ್ಯಾಯಮೂರ್ತಿ ರೇ ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಹದಿಮೂರು ಮಂದಿಯ ಪೀಠ ಕಟ್ಟಿದರು. ಎರಡೇ ದಿನ ವಾದ ನಡೆದು, 12ರಂದು ಪೀಠವನ್ನು ಅವರೇ ವಿಸರ್ಜಿಸಿದರು.

ಬೆಂಗಳೂರು ದಕ್ಷಿಣ

1973ರ ಏಪ್ರಿಲ್ 30ಕ್ಕೆ ಹೆಗ್ಡೆ ಹೊರಬಂದರು. ಆಗ ಅವರಿಗೆ ಅರವತ್ತನಾಲ್ಕರ ಹತ್ತಿರ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಗಿದ್ದವರು ಭಾರತದ ಯಾವ ಕೋರ್ಟಿನಲ್ಲೂ ವಕಾಲತ್ತು ಮಾಡುವಂತಿಲ್ಲ, ಸಂವಿಧಾನದ 124(7)ನೇ ವಿಧಿಯೇ ತಡೆಯುತ್ತದೆ. ಚುನಾವಣೆಗೆ ನಿಲ್ಲುವುದನ್ನು ತಡೆಯುವ ವಿಧಿ ಯಾವುದೂ ಇಲ್ಲ. ವಿಚಿತ್ರ ಏರ್ಪಾಡು: ಕರಿಕೋಟು ಹಾಕಿದರೆ ನಿಷ್ಪಕ್ಷಪಾತಕ್ಕೆ ಧಕ್ಕೆ, ಖಾದಿ ಹಾಕಿದರೆ ಇಲ್ಲ.

1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಕೆಂಗಲ್ ಹನುಮಂತಯ್ಯ, ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ. ಹೈಕೋರ್ಟ್ ನ್ಯಾಯಮೂರ್ತಿಯಾಗಿ ಹೆಗ್ಡೆ ಒಂಬತ್ತು ವರ್ಷ ಕೆಲಸ ಮಾಡಿದ್ದು ಆ ವಿಧಾನಸೌಧಕ್ಕೆ ಎದುರಾಗಿರುವ ಕೆಂಪು ಅಠಾರಾ ಕಚೇರಿಯಲ್ಲಿ. ಉತ್ತರ ಭಾರತವನ್ನು ಕೊಚ್ಚಿಕೊಂಡು ಹೋದ ಜನತಾ ಅಲೆ ದೇವರಾಜ ಅರಸರ ಕರ್ನಾಟಕದಲ್ಲಿ ಏಳಲೇ ಇಲ್ಲ. 28 ಕ್ಷೇತ್ರಗಳಲ್ಲಿ 26 ಕಾಂಗ್ರೆಸ್ ಪಾಲಾದವು. ಜನತಾ ಗೆದ್ದ ಎರಡರಲ್ಲಿ ಒಂದು ಹೆಗ್ಡೆಯವರದು. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲು ಸಭಾಧ್ಯಕ್ಷ ಪೀಠ ಬಿಟ್ಟಾಗ, 1977ರ ಜುಲೈ 21ರಂದು ಆ ಪೀಠ ಹೆಗ್ಡೆ ಅವರಿಗೆ ಒಲಿಯಿತು.

1978ರ ಡಿಸೆಂಬರ್ 19

1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದರು. ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವುದೇ ಆ ಜಿಲ್ಲೆ. ಅಷ್ಟರಲ್ಲಿ ಅವರ ಮೇಲೆ ಹಕ್ಕುಚ್ಯುತಿಯ ಆರೋಪ ಹಕ್ಕುಬಾಧ್ಯತಾ ಸಮಿತಿಯ ಮುಂದಿತ್ತು. ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಸಂಸದರು ಕೇಳಿದ್ದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ 1975ರಲ್ಲಿ ಕಿರುಕುಳ ಕೊಡಿಸಿದರು ಎಂಬುದು ದೂರು. ಸಮಿತಿ ತಪ್ಪಿತಸ್ಥರೆಂದಿತು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಲು ತೀರ್ಮಾನಿಸಿತು. ಬಂಧನದ ಆಜ್ಞೆಗೆ ಬೇಕಾದದ್ದು ಸಭಾಧ್ಯಕ್ಷರ ಸಹಿ. ಡಿಸೆಂಬರ್ 26ರವರೆಗೆ ಇಂದಿರಾ ತಿಹಾರ್ ಜೈಲಿನಲ್ಲಿದ್ದರು.

ಹೆಗ್ಡೆಯವರ ಪರವಾಗಿ ಹೇಳಬಹುದಾದದ್ದು ಬಹಳಷ್ಟಿದೆ. ಶಿಕ್ಷೆ ಕೊಟ್ಟದ್ದು ಸದನ. ಸಭಾಧ್ಯಕ್ಷರಿಗೆ ಸಮಬಲ ಬಂದಾಗಲಷ್ಟೇ ಮತ, ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಆರೋಪವೇನೂ ಹುಸಿಯಲ್ಲ, ಸಂಸತ್ತಿಗೆ ಮಾಹಿತಿ ಕೊಡಲು ಹೊರಟ ನೌಕರರನ್ನು ಬೆದರಿಸುವುದು ಗಂಭೀರ ಅಪರಾಧ. ಆದರೂ ಅವರ ತೀರ್ಪಿನ ಅಳತೆಗೋಲು ಅವರನ್ನೇ ಬಿಡುವುದಿಲ್ಲ. ಪಟ್ಟಿಯ ಮೇಲೆ ಪ್ರಭಾವ ಬೀರಿದರೇ ಎಂದು ಕ್ರೈಪಾಕ್ ಕೇಳಲಿಲ್ಲ, ಆ ಕೋಣೆಯಲ್ಲಿ ಇರಬೇಕಿತ್ತೇ ಎಂದು ಕೇಳಿತು. ತಮ್ಮ ಹನ್ನೊಂದು ತಿಂಗಳ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕಸಿದ ವ್ಯಕ್ತಿಯ ಭವಿಷ್ಯ ನಿರ್ಧಾರವಾಗುವ ಕಲಾಪವನ್ನು ಹೆಗ್ಡೆ ಉಪಸಭಾಧ್ಯಕ್ಷರಿಗೆ ಒಪ್ಪಿಸಿ ಸಹಿಯಿಂದಲೂ ದೂರ ಉಳಿದಿದ್ದರೆ ಫಲಿತಾಂಶ ಬದಲಾಗುತ್ತಿರಲಿಲ್ಲ. ಅವರ 1969ರ ತೀರ್ಪಿನ ತೂಕ ಮಾತ್ರ ಹೆಚ್ಚುತ್ತಿತ್ತು. ಪಕ್ಷಪಾತ ಮಾಡಿದರು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಪಕ್ಷಪಾತದ ಸಂಭವವಿತ್ತೆಂದು ನಂಬಲು ಸಕಾರಣವಿತ್ತು ಎನ್ನುವುದಷ್ಟೇ ನನ್ನ ತಕರಾರು, ಅದೂ ಅವರದೇ ಮಾತಿನಲ್ಲಿ.

ರಾಜಕೀಯವಾಗಿ ಉಚ್ಚಾಟನೆ ಜನತಾ ಪಕ್ಷಕ್ಕೇ ತಿರುಗುಬಾಣವಾಯಿತು. ಸಂತ್ರಸ್ತೆಯ ಪಟ್ಟ ಇಂದಿರಾ ಅವರಿಗೆ ಅನಾಯಾಸವಾಗಿ ಸಿಕ್ಕಿತು. 1981ರ ಮೇ 7ರಂದು ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತು. ಆಗ ಬಹುಮತ ಯಾರದಾಗಿತ್ತು ಎಂಬುದು ಗೊತ್ತೇ ಇದೆ. ತನ್ನ ಹಕ್ಕಿಗೆ ಚ್ಯುತಿ ಬಂದಿದೆಯೇ ಎಂದು ಸದನ ತಾನೇ ವಿಚಾರಿಸಿ, ತಾನೇ ದಂಡಿಸಿ, ಮತ್ತೊಂದು ಸದನ ತಾನೇ ಮಾಫಿ ಮಾಡುವ ಏರ್ಪಾಡು ಇಂದಿಗೂ ಹಾಗೆಯೇ ಇದೆ.

ಹೆಗ್ಡೆ ಪೀಠದಲ್ಲಿದ್ದ ಕಾಲದಲ್ಲೇ ಸಂವಿಧಾನದ 44ನೇ ತಿದ್ದುಪಡಿ ಬಂತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿತ್ತು. ವರ್ಷಗಟ್ಟಲೆ ಕೋರ್ಟನ್ನೂ ಸರ್ಕಾರವನ್ನೂ ಕಾದಾಡಿಸಿದ ಹಕ್ಕು ಸದ್ದಿಲ್ಲದೆ ಹೋಯಿತು. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಉರುಳಿತು, ಚರಣ್ ಸಿಂಗ್ ಸದನವನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು, ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು. ಹೊಸ ಸದನ ಸೇರುವವರೆಗೆ, 1980ರ ಜನವರಿ 21ರ ತನಕ ಹೆಗ್ಡೆ ಸಭಾಧ್ಯಕ್ಷರಾಗಿಯೇ ಉಳಿದರು.

ಕಾರ್ಕಳದ ಬಳಿ ನಿಟ್ಟೆಯಲ್ಲಿ 1979ರಲ್ಲಿ ಅವರು ಆರಂಭಿಸಿದ ಶಿಕ್ಷಣ ಟ್ರಸ್ಟ್ ಇಂದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆದಿದೆ. ಕರಾವಳಿಯ ಎಷ್ಟೋ ವಿದ್ಯಾರ್ಥಿಗಳಿಗೆ ಕೆ.ಎಸ್. ಹೆಗ್ಡೆ ಎಂದರೆ ಆಸ್ಪತ್ರೆಯ ಹೆಸರು. 1990ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಮಗ ಸಂತೋಷ್ ಹೆಗ್ಡೆ 1999ರಲ್ಲಿ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ, ನಂತರ ಕರ್ನಾಟಕದ ಲೋಕಾಯುಕ್ತರಾಗಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು.

ನ್ಯಾಯಮೂರ್ತಿಗಳು ಪೀಠ ಬಿಟ್ಟ ಮೇಲೆ ರಾಜಕೀಯಕ್ಕೆ ಇಳಿಯುವ ಮುನ್ನ ಕೆಲವು ವರ್ಷದ ಬಿಡುವು ಇರಬೇಕು ಎಂಬ ಬೇಡಿಕೆ ಆಗಾಗ ಏಳುತ್ತದೆ. ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಬ್ಬರಾವ್ 1967ರಲ್ಲಿ ಹುದ್ದೆ ಬಿಟ್ಟು ನೇರವಾಗಿ ರಾಷ್ಟ್ರಪತಿ ಚುನಾವಣೆಯ ಕಣಕ್ಕೆ ಧುಮುಕಿದ್ದರು. ಬಹರುಲ್ ಇಸ್ಲಾಂ ರಾಜ್ಯಸಭೆಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ, 1983ರಲ್ಲಿ ಮತ್ತೆ ರಾಜ್ಯಸಭೆಗೆ ಹೋದರು. ಅವರಿಗೆ ಹೋಲಿಸಿದರೆ ಹೆಗ್ಡೆ ನಾಲ್ಕು ವರ್ಷ ಹೊರಗಿದ್ದು, ಜನರ ಬಳಿ ಮತ ಕೇಳಿ ಬಂದವರು. ಬಿಡುವಿನ ನಿಯಮ ಅಂದು ಇದ್ದಿದ್ದರೂ ಅವರನ್ನು ತಡೆಯುತ್ತಿರಲಿಲ್ಲ. ಡಿಸೆಂಬರ್ 19ರ ತೊಡಕು ಬಗೆಹರಿಯಲು ಬೇಕಿದ್ದದ್ದು ವರ್ಷಗಳ ಅಂತರವಲ್ಲ, ಒಂದು ಮಧ್ಯಾಹ್ನದ ಮಟ್ಟಿಗೆ ಪೀಠ ಬಿಟ್ಟೇಳುವ ಮನಸ್ಸು.